ದೊಡ್ಡವ್ವನ ಮನೆ ತಪ್ಪಿಸಿ ಹಾಕಿದ ಹಾದಿ

ಹೊಸ ಗಣನೆಯ ನೂರ ಎಂಬತ್ತೊಂದನೆಯ ವರ್ಷ, ಎರಡನೆಯ ಆಷಾಢ, ಮೂವತ್ತೇಳನೆಯ ದಿನ
ಚಳ್ಳಕೆರೆ

ಶಿರಸಿ ಘಟ್ಟದ ತಲೆಯ ಮೇಲೆ, ಮಾರಕ್ಕನ ಮನೆಯಲ್ಲಿ ಇನ್ನು ಹುಟ್ಟಬೇಕಾಗಿರುವ ಮಗುವಿಗೆ, ಹೆಣ್ಣೋ ಗಂಡೋ ತಿಳಿಯದೆ, ಚಳ್ಳಕೆರೆಯ ಪಾಲಮ್ಮನ ಮಗಳು ಹೊನ್ನೂರಮ್ಮ ಮಾಡುವ ಆಶೀರ್ವಾದಗಳು.

ಮೇಲಿನ ದಿನಾಂಕ ನೋಡಿ ಮುದುಕಿಗೆ ಅರಳು ಮರಳು ಎಂದುಕೊಳ್ಳಬೇಡ. ಮಳೆಗಾಲ ಹದ್ದು ಮೀರಿದ ಮೇಲೆ ಒಂದು ಆಷಾಢ ಸಾಲದೆ ನಮ್ಮ ಹಿರಿಯರು ಎರಡು ಮಾಡಿಕೊಂಡರು, ಒಂದೊಂದಕ್ಕೂ ನಲವತ್ತು ದಿನ ಕೊಟ್ಟರು. ನಿನ್ನ ಕಾಲಕ್ಕೆ ಮೂರಾಗಿದ್ದರೂ ಆಶ್ಚರ್ಯವಿಲ್ಲ. ನನ್ನ ಮಾತುಗಳೂ ನಿನಗೆ ಹಳಸಲಾಗಿ ಕಾಣಬಹುದು, ಕ್ಷಮಿಸು. ನಾನು ಬಾಯಿ ತೆರೆದರೆ ನನ್ನ ಮೊಮ್ಮಕ್ಕಳೇ ಮುಸಿಮುಸಿ ನಗುತ್ತವೆ. ಅರ್ಥವಾಗದ ಕಡೆ ಮನೆಯ ಹಿರಿಯರನ್ನು ಕೇಳು, ಅವರಿಗೂ ಗೊತ್ತಿಲ್ಲದಿದ್ದರೆ ಅಷ್ಟು ಬಿಟ್ಟು ಮುಂದಕ್ಕೆ ಓದು.

ನಿನ್ನ ಮನೆಯನ್ನು ಕಟ್ಟಿದ ಮಾರಕ್ಕ ನನ್ನ ಅವ್ವನ ಒಡಹುಟ್ಟಿದ ಅಕ್ಕ, ನನಗೆ ದೊಡ್ಡವ್ವ. ನನ್ನ ಅವ್ವ ಪಾಲಮ್ಮ ಚಳ್ಳಕೆರೆಯ ಹಾದಿಗಾರ್ತಿ. ಅವಳ ನಂತರ ನಾನೂ ಅದೇ ಕೆಲಸ ಹಿಡಿದೆ. ಹಾದಿಗಾರ್ತಿ ಎಂದರೆ ಪ್ರಯಾಣ ಹೊರಟವರಿಗೆ ದಾರಿ ಹಾಕಿಕೊಡುವವಳು. ಬಹಳ ಹಿಂದೆ, ಆಕಾಶದಲ್ಲಿ ಹಾರುತ್ತಿದ್ದ ಕಾಲದಲ್ಲಿ, ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿಂದವರು ಮಧ್ಯಾಹ್ನದ ಊಟಕ್ಕೆ ಸಮುದ್ರದ ನಡುವಿನ ದ್ವೀಪ ಮುಟ್ಟುತ್ತಿದ್ದರಂತೆ. ಮುಟ್ಟಿ, ಒಬ್ಬರನ್ನೊಬ್ಬರು ನೋಡದೆ ಅಂಗೈಯೊಳಗಿನ ಚಿತ್ರ ನೋಡುತ್ತಿದ್ದರಂತೆ. ಅವರ ವಿಷಯ ನನಗೆ ಬೇಡ. ನಮ್ಮ ಕಾಲದಲ್ಲಿ ಹೋಗುವುದೆಂದರೆ ಬಿಸಿಲುಬಂಡಿಯಲ್ಲಿ. ಬಿಸಿಲಿದ್ದರೆ ಓಡುತ್ತದೆ, ಮೋಡ ಕವಿದರೆ ಹಟಮಾರಿ ಎತ್ತಿನ ಹಾಗೆ ನಿಂತುಬಿಡುತ್ತದೆ. ಹೋಟೆಲು, ವಸತಿಗೃಹ ಯಾವುದೂ ಉಳಿದಿಲ್ಲವಾದ್ದರಿಂದ ದಾರಿಯುದ್ದಕ್ಕೂ ತಂಗುಮನೆಗಳಲ್ಲಿ ಇಳಿಯಬೇಕು. ಅವು ನಮ್ಮ ನಿಮ್ಮಂಥವರ ಮನೆಗಳೇ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಸೂತಕ, ಯಾವ ಯಜಮಾನ ಗೊರಕೆ ಹೊಡೆದು ಬಂದವರಿಗೆ ನಿದ್ದೆ ಕೊಡುವುದಿಲ್ಲ, ಯಾವ ಸೇತುವೆ ಹೋದ ಮಳೆಯಲ್ಲಿ ಕುಸಿಯಿತು, ಎಲ್ಲವೂ ಹಾದಿಗಾರ್ತಿಗೆ ಗೊತ್ತಿರಬೇಕು. ಇಳಿದ ಮನೆಯಲ್ಲಿ ಅತಿಥಿ ಒಂದು ಕೆಲಸ ಮಾಡಿಕೊಟ್ಟೇ ಏಳಬೇಕು: ರಾಗಿ ಹಸನು ಮಾಡುವುದೋ, ಮಗು ಆಡಿಸುವುದೋ. ಇನ್ನೊಂದು ಪದ್ಧತಿ ಇದೆ, ಈ ಪತ್ರಕ್ಕೆಲ್ಲ ಅದೇ ಮೂಲ. ಬಾಗಿಲು ಕೇಳಬೇಕಾದವರು, ಅಂದರೆ ಇಳಿಯಲು ಜಾಗ ಕೇಳಿ ಮೊದಲೇ ಹೇಳಿ ಕಳಿಸಬೇಕಾದವರು, ಹಾದಿಯವರು ಅಥವಾ ಅವರ ಪರವಾಗಿ ಹಾದಿಗಾರ್ತಿ. ಕೇಳಿದ ಮೇಲೆ ತೆರೆಯುವವರು ಮನೆಯವರು. ಕೇಳದೆ ಯಾರೂ ಯಾರನ್ನೂ ‘ಬನ್ನಿ’ ಎನ್ನುವಂತಿಲ್ಲ. ಬಂದವರ ಮೇಲೆ ಯಾರೂ ಬಿದ್ದು ಕರೆಯಬಾರದೆಂದು ಮಾಡಿದ ಪದ್ಧತಿ, ಒಳ್ಳೆಯದೇ.

ಬೆಳ್ಮರಳು ನಡುಗಡ್ಡೆಯ ವಿಷಯ ನಿನಗೆ ಗೊತ್ತಿದ್ದೀತು. ತದಡಿ ಬಂದರಿನಿಂದ ಹಾಯಿಹಡಗಿನಲ್ಲಿ ಹೋಗಬೇಕು. ಬಿಳಿ ಮರಳು, ತೆಂಗು, ಮೊಣಕಾಲು ಮಟ್ಟದ ನೀರಿನಲ್ಲಿ ಬಣ್ಣದ ಮೀನು. ಅಲ್ಲಿನವರು ಒಮ್ಮೆ ಮುಳುಗಿಹೋದ ನೆಲವನ್ನು ಹವಳ ನೆಟ್ಟು ಮತ್ತೆ ಎತ್ತಿಕೊಂಡವರು. ಆದ್ದರಿಂದ ಅತಿಥಿಗಳನ್ನು ಬಿಗಿಯಾಗಿ ಎಣಿಸಿ ಕರೆಯುತ್ತಾರೆ. ಒಂದು ಅಜ್ಜಿಮನೆಗೆ, ಅಂದರೆ ಒಬ್ಬ ಅಜ್ಜಿಯ ಸಂತಾನಕ್ಕೆಲ್ಲ ಸೇರಿಸಿ, ಎರಡು ಮೂರು ತಲೆಮಾರಿಗೆ ಒಂದು ಸರದಿ. ಕರೆ ಬಂದರೆ ಆ ಸಂತಾನದ ಎಲ್ಲ ಮನೆಗಳಿಗೂ ಬರುತ್ತದೆ. ಹೋದರೆ ಹದಿನೈದು ದಿನ ಅಲ್ಲಿ ರಜೆ. ಅಡುಗೆ ಅವರದು, ಪಾತ್ರೆ ತೊಳೆಯುವುದು ಅವರದು, ನೀನು ಸುಮ್ಮನೆ ಕೂರಬೇಕು.

ನಮ್ಮ ಅಜ್ಜಿಮನೆಗೆ ಕರೆ ಬಂದಾಗ ಬೊಮ್ಮಕ್ಕಜ್ಜಿ ಇನ್ನೂ ಇದ್ದಳು. ಅವಳು ನನ್ನ ಅವ್ವನಿಗೂ ದೊಡ್ಡವ್ವನಿಗೂ ಹೆತ್ತ ತಾಯಿ. ಹಲ್ಲು ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನ ರಜೆ ಕಂಡವಳಲ್ಲ. ಕರೆ ಬಂದ ದಿನ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ, “ನಾನು ಕಾಲು ಚಾಚ್ಕೊಂಡು ಕುಂತಿರ್ತೀನಿ, ಯಾರೋ ಮಾಡಿದ್ದು ಉಣ್ತೀನಿ. ಈ ಕಡೆ ದೊಡ್ಡೋಳು, ಈ ಕಡೆ ಸಣ್ಣೋಳು. ಆಮೇಲೆ ಸತ್ರೂ ಚಿಂತಿಲ್ಲ ಕಣ್ರವ್ವಾ” ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಸಮುದ್ರ ಒಂದು ನೆಪ.

ಆದರೆ ದೊಡ್ಡೋಳೂ ಸಣ್ಣೋಳೂ ಮಾತು ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ಅಜ್ಜ ತೀರಿಕೊಂಡಾಗ ಘಟ್ಟದ ಮೇಲೆ ಮೋಡ ಕವಿದು ದೊಡ್ಡವ್ವ ತಡವಾಗಿ ಬಂದು ಮುಟ್ಟಿದಳು, ಮಣ್ಣಾಗಿತ್ತು. ಅಳುತ್ತಿದ್ದ ಅವ್ವ ನಾಲ್ಕು ಜನರ ಮುಂದೆ, “ಬಾರವ್ವಾ ನೆಂಟ್ರೇ, ಊಟದ ಹೊತ್ತಿಗೆ ಸರಿಯಾಗಿ ಬಂದ್ರಲ್ಲ” ಎಂದುಬಿಟ್ಟಳು. ದೊಡ್ಡವ್ವ ಒಂದು ತುತ್ತು ಮುಟ್ಟದೆ, ಹಾಕಿದ ಎಲೆ ಬಿಟ್ಟು ಎದ್ದು ಹೋದಳು. ಇಷ್ಟೇ. ಆಸ್ತಿಯಿಲ್ಲ, ಪಾಸ್ತಿಯಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಅವ್ವ ಹಾದಿ ಹಾಕಲು ಕೂತಳು. ಚಳ್ಳಕೆರೆಯಿಂದ ತದಡಿಗೆ ಹಾದಿ ಹಾಕುವುದು ಹಾದಿಗಾರ್ತಿಯರಿಗೆ ಅ ಆ ಇ ಈ ಇದ್ದ ಹಾಗೆ. ದುರ್ಗ, ದಾವಣಗೆರೆ, ಹಾವೇರಿ, ಶಿರಸಿ. ಶಿರಸಿ ದಾಟಿ ಘಟ್ಟದ ತಲೆಯಲ್ಲಿ ದೊಡ್ಡವ್ವನ ಮನೆ. ಅಲ್ಲಿಂದ ಇಳಿದರೆ ಸಮುದ್ರ. ಅವ್ವ ಹಾವೇರಿಯವರೆಗೆ ಸರಿಯಾಗಿ ಬಂದು, ಅಲ್ಲಿಂದ ಬಲಕ್ಕೆ ತಿರುಗಿ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆ ಎಂದು ಹಾಕಿದಳು. ಕೊಂಕಣ ಸುತ್ತಿ ಮೈಲಾರಕ್ಕೆ ಹೋದರು ಎನ್ನುತ್ತಾರಲ್ಲ, ಹಾಗೆ. ಅಜ್ಜಿ ಕೇಳಿದ್ದಕ್ಕೆ, ಶಿರಸಿ ಕಡೆ ಮೋಡ ಜಾಸ್ತಿ, ಬಂಡಿ ನಿಂತುಹೋದರೆ ಆಷಾಢಕ್ಕೆ ಮುಂಚಿನ ಕೊನೆಯ ಹಡಗು ತಪ್ಪುತ್ತದೆ ಎಂದು ಶಾಸ್ತ್ರ ಹೇಳಿದಳು. ಅಜ್ಜಿ ಒಂದೇ ಮಾತು ಅಂದಳು: “ಮೋಡ ಎಲ್ಲಿ ಐತೆ ಅಂತ ನಂಗೆ ಗೊತ್ತವ್ವ.” ಊರಿಗೆಲ್ಲ ನೆಟ್ಟನೆಯ ಹಾದಿ ಹಾಕಿಕೊಟ್ಟವಳು ಹೆತ್ತ ತಾಯಿಗೆ ಸೊಟ್ಟ ಹಾದಿ ಹಾಕಿದಳು.

ಅತ್ತ ದೊಡ್ಡವ್ವನಿಗೂ ಕರೆ ಮುಟ್ಟಿತ್ತು. ತಂಗಿ ಮುನಿದರೂ ಹಾದಿ ಮುನಿಯುವುದಿಲ್ಲ, ಹೆತ್ತವ್ವನನ್ನು ಕರೆದುಕೊಂಡು ತನ್ನ ಬಾಗಿಲ ಮುಂದೆಯೇ ಬರಬೇಕು ಎಂದು ಅವಳು ಗಂಟು ಕಟ್ಟಿಕೊಂಡು ಕಾದಳಂತೆ. ಹಾಸಿಗೆ ಬಿಸಿಲಿಗೆ ಹಾಕಿದಳಂತೆ, ಹಲ್ಲಿಲ್ಲದವಳಿಗೆಂದು ಮೆತ್ತನೆಯ ಹೋಳಿಗೆ ಮಾಡಿದಳಂತೆ. ಇಲ್ಲಿಂದ ಬಾಗಿಲು ಕೇಳಿದ ಮಾತು ಮಾತ್ರ ಹೋಗಲಿಲ್ಲ. ತಾನಾಗಿ ‘ಬನ್ನಿ’ ಎನ್ನಲು ಪದ್ಧತಿಯೂ ಬಿಡಲಿಲ್ಲ, ಬಿಗುಮಾನವೂ ಬಿಡಲಿಲ್ಲ.

ನಾವು ಮೂವರೂ ಹೊರಟೆವು. ಬಂಡಿ ನಡೆಸಿದವಳು ನಾನು. ಹುಬ್ಬಳ್ಳಿಯವರೆಗೆ ಪ್ರಯಾಣ ಹಬ್ಬದ ಹಾಗಿತ್ತು. ಇಳಿದ ಮನೆಗಳಲ್ಲೆಲ್ಲ ಅಜ್ಜಿ ಅವರೆಕಾಯಿ ಸುಲಿದು, ಹೆಣ್ಣುಮಕ್ಕಳಿಗೆ ಹೇಳಬಾರದ ಕತೆಗಳನ್ನೆಲ್ಲ ಹೇಳಿ ನಗಿಸಿ, ಇನ್ನೂ ಒಂದು ದಿನ ಇರಿ ಎನ್ನಿಸಿಕೊಂಡಳು. ಯಲ್ಲಾಪುರ ಮುಟ್ಟುತ್ತಲೇ ಮೋಡ ಇಳಿಯಿತು. ಬಂಡಿ ನಿಂತಿತು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ತಂಗುಮನೆಯ ಅಂಗಳದಿಂದ ನೋಡಿದರೆ ದಕ್ಷಿಣಕ್ಕೆ, ಶಿರಸಿಯ ಕಡೆಗೆ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತ ಕೂತಿದ್ದಳು. ಅವಳು ಬೈದಿದ್ದರೆ ಅವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

ತದಡಿ ಮುಟ್ಟಿದಾಗ ಮಧ್ಯಾಹ್ನ. ಹಡಗು ನಿಲ್ಲುವ ಧಕ್ಕೆ ಖಾಲಿ. ಮೀನಿನ ಬುಟ್ಟಿ ತೊಳೆಯುತ್ತಿದ್ದ ಹೆಂಗಸೊಬ್ಬಳು ನಮ್ಮ ಮುಖ ನೋಡಿಯೇ ತಿಳಿದುಕೊಂಡಳು. ಹಡಗು ಹಿಂದಿನ ದಿನವೇ ಹೊರಡಬೇಕಿತ್ತಂತೆ. ಘಟ್ಟದ ಮೇಲಿನ ಅಮ್ಮ ಒಬ್ಬರು ಬಂದು ನಾವಿಕನ ಕಾಲು ಹಿಡಿಯುವುದೊಂದು ಬಾಕಿಯಾಗಿ ಬೇಡಿಕೊಂಡಿದ್ದರಿಂದ ಈ ಬೆಳಗಿನ ಉಬ್ಬರದವರೆಗೆ ನಿಲ್ಲಿಸಿದನಂತೆ. “ಅವ ಎಂತ ಮಾಡೂದು ಹೇಳಿ? ಆಷಾಢದ ಸಮುದ್ರ ಅವನ ಮಾತು ಕೇಳ್ತದ್ಯಾ?” ಎಂದಳು. ಆ ಅಮ್ಮ ಹಡಗು ಹತ್ತಿದರೇ ಎಂದು ನಾನು ಕೇಳಿದೆ. ಅವಳು ಕೈ ತೋರಿಸಿದ ಕಡೆ, ಮರಳಿನ ಮೇಲೆ, ದೊಡ್ಡವ್ವ ಗಂಟಿನ ಪಕ್ಕ ಕೂತಿದ್ದಳು. ಹತ್ತಬಹುದಿತ್ತು. ಸರದಿ ಅವಳದೂ ಆಗಿತ್ತು. ಹತ್ತಿರಲಿಲ್ಲ.

ಮಗೂ, ಅಲ್ಲಿ ಅವರು ತಬ್ಬಿಕೊಂಡು ಅತ್ತರು ಎಂದು ಬರೆಯಲು ನನಗೂ ಆಸೆ. ದೊಡ್ಡವ್ವ ತಂಗಿಯ ಕಡೆ ಕಣ್ಣೆತ್ತದೆ, “ಅವ್ವಾ, ಹಾದಿ ಸುತ್ತಾಯ್ತೇನವ್ವಾ?” ಎಂದಳು. ನನ್ನ ಅವ್ವ ಸಮುದ್ರದ ಕಡೆ ಮುಖ ಮಾಡಿ, “ಮೋಡ ಇತ್ತು ಅಂತ ಹೇಳವ್ವಾ ಅವಳಿಗೆ” ಎಂದಳು. ಅಜ್ಜಿ ಇಬ್ಬರ ನಡುವೆ ಕೂತು, ಮರಳಿನ ಮೇಲೆ ಕಾಲು ಚಾಚಿ, ದೊಡ್ಡವ್ವನ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. “ಇದೇ ನನ್ನ ನಡುಗಡ್ಡೆ ಬಿಡ್ರೇ” ಎಂದು ನಕ್ಕಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾಪಸು ಬರುವಾಗ ಅಜ್ಜಿ, ನಾನಂತೂ ನೆಟ್ಟನೆ ಹಾದಿಯಲ್ಲೇ ಹೋಗುವವಳು ಎಂದು ದೊಡ್ಡವ್ವನ ಜೊತೆ ಘಟ್ಟ ಹತ್ತಿದಳು. ಅವ್ವನೂ ನಾನೂ ಬಂದ ದಾರಿಯಲ್ಲೇ ತಿರುಗಿದೆವು. ಮಳೆ ಹಿಡಿಯಿತು, ಹಾದಿಗಳು ಮುಚ್ಚಿದವು, ಆ ವರ್ಷದ ಎರಡನೆಯ ಆಷಾಢದಲ್ಲಿ ಅಜ್ಜಿ ನಿಮ್ಮ ಮನೆಯಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಅವ್ವನಿಗೆ ಮಣ್ಣಿಗೆ ಹೋಗಲಾಗಲಿಲ್ಲ. ಬಿಸಿಲು ಬಂದ ಮೇಲೂ ಹೊರಡಲಿಲ್ಲ. ತಡವಾಗಿ ಹೋದವರಿಗೆ ಏನನ್ನುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆಮೇಲೆ ನಡೆದದ್ದನ್ನು ಕೇಳಿದರೆ ನಗುವೆಯೋ ಅಳುವೆಯೋ ಕಾಣೆ. ಆ ವರ್ಷದಿಂದ ಅವ್ವ ಸಮುದ್ರಕ್ಕೆ ಹೊರಟವರನ್ನೆಲ್ಲ ಶಿರಸಿಯ ಮೇಲೆಯೇ ಕಳಿಸಿದಳು. ಎಲ್ಲರಿಗೂ ಅಕ್ಕನ ಬಾಗಿಲನ್ನೇ ಕೇಳಿದಳು. “ನಾಲ್ಕು ಜನ. ಒಬ್ಬರಿಗೆ ಖಾರ ಆಗದು” ಎಂದು ಇಲ್ಲಿಂದ ಹೋಗುವುದು, “ಬರಲಿ” ಎಂದು ಅಲ್ಲಿಂದ ಬರುವುದು. “ಮಗುವಿಗೆ ಹಾಲು ಬೇಕು.” “ಬರಲಿ.” ಕಂಡು ಕೇಳರಿಯದವರಿಗೆಲ್ಲ ಅಕ್ಕನಿಂದ ಬಿಸಿನೀರು ಕಾಯಿಸಿದಳು, ತನಗೆಂದು ಒಂದು ಸಲ, ಒಂದೇ ಒಂದು ಸಲ, ಬಾಗಿಲು ಕೇಳಲಿಲ್ಲ. ಕೇಳಿದ್ದರೆ ಉತ್ತರ ಏನು ಬರುತ್ತಿತ್ತೆಂದು ಊರಿನ ನಾಯಿಗೂ ಗೊತ್ತಿತ್ತು. ಹೋಗಿಬಂದವರು, ನಿಮ್ಮಕ್ಕ ನಿಮ್ಮ ಮಂಡಿನೋವು ಹೇಗಿದೆ ಅಂತ ವಿಚಾರಿಸಿದರು ಎಂದು ಹೇಳಿದರೆ ಅವ್ವ ಒಳಗೆ ಹೋಗಿಬಿಡುತ್ತಿದ್ದಳು. ಹೀಗೇ ಇಬ್ಬರೂ ಮುದುಕಿಯರಾದರು, ಹೀಗೇ ಹೋಗಿಬಿಟ್ಟರು. ಎಂಥ ದಂಡ! ಜಗಳವಾದರೂ ದೊಡ್ಡದಿತ್ತೇ? ಅವರು ಹೋದ ಮೇಲೆ ಈ ಬಾಗಿಲು ಕೇಳುವ ಕೆಲಸ ನನಗೆ ಬಂತು, ‘ಬರಲಿ’ ಎನ್ನುವ ಕೆಲಸ ದೊಡ್ಡವ್ವನ ಮಗ ನಿಂಗಣ್ಣನಿಗೆ ಹೋಯಿತು. ನಮ್ಮಿಬ್ಬರ ನಡುವೆ ಮನಸ್ತಾಪವಿಲ್ಲ, ಆದರೆ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಹೋದ ವರ್ಷ ಅವನೂ ತೀರಿಕೊಂಡ. ಸುದ್ದಿ ನನಗೆ ತಿಳಿದದ್ದು ಯಾರೋ ಹಾದಿಹೋಕರಿಂದ.

ನಮ್ಮ ಅಜ್ಜಿಮನೆಗೆ ಮತ್ತೆ ಸರದಿ ಬರುವಾಗ ನಾನಿರುವುದಿಲ್ಲ. ಆ ಸಲ ಮುಂದಾಳುತನ ಹಿರಿಯ ಮಗಳು ಮಾರಕ್ಕನ ಸಂತಾನಕ್ಕೆ, ಅಂದರೆ ನಿನಗೆ. ಅದಕ್ಕೇ ಈ ಪತ್ರವನ್ನು ತದಡಿಯ ಬಂದರಿನವರ ಕೈಗೆ ಕೊಡುತ್ತಿದ್ದೇನೆ. ಕರೆಯ ಜೊತೆಯಲ್ಲೇ ನಿನಗೆ ಮುಟ್ಟಿಸುತ್ತೇವೆ ಎಂದಿದ್ದಾರೆ. ಪದ್ಧತಿಯ ಪ್ರಕಾರ ನೀನು ಕೇಳದೆ ನಾನು ‘ಬಾ’ ಎನ್ನಬಾರದು. ಇಡೀ ಜೀವಮಾನ ಆ ಪದ್ಧತಿ ಕಾಯ್ದಿದ್ದೇನೆ, ಇವತ್ತು ಮುರಿಯುತ್ತಿದ್ದೇನೆ. ಬಾ ಮಗೂ. ಸಮುದ್ರಕ್ಕೆ ಹೊರಡುವ ಮುಂಚೆ ಚಳ್ಳಕೆರೆಗೆ ಬಾ, ಪಾಲಮ್ಮನ ಮನೆ ಯಾವುದೆಂದು ಕೇಳು, ಅಲ್ಲಿರುವವರಲ್ಲಿ ಯಾರಾದರೂ ಒಬ್ಬರನ್ನು ಜೊತೆಗೆ ಕರೆದುಕೊಂಡು ನಡುಗಡ್ಡೆಗೆ ಹೋಗು. ಸರದಿ ಇಬ್ಬರದೂ. ನಿನ್ನ ಕಾಲದ ಹಾದಿಗಾರ್ತಿ ನಿನ್ನನ್ನು ನೋಡಿ ನಕ್ಕಾಳು. ಸಮುದ್ರ ನಿನ್ನ ಮನೆಯ ಪಶ್ಚಿಮಕ್ಕೆ, ಒಂದು ಇಳಿಜಾರು ಇಳಿದರೆ ಸಿಗುತ್ತದೆ. ಚಳ್ಳಕೆರೆ ಪೂರ್ವಕ್ಕೆ, ದಿನಗಟ್ಟಲೆ ದೂರ, ಪೂರಾ ಉಲ್ಟಾ ದಿಕ್ಕು. ಅವಳು ಹೇಳುವುದು ಸರಿ. ನಾನೂ ಹಾದಿಗಾರ್ತಿಯೇ, ನಾನೂ ಅದನ್ನೇ ಹೇಳುತ್ತೇನೆ: ಇದು ತಪ್ಪು ಹಾದಿ.

ಆದರೂ ಇದರಲ್ಲೇ ಬಾ.

ನಿನ್ನ ಅಜ್ಜಿಯ ಸಾಲಿನವಳು,
ಹೊನ್ನೂರಮ್ಮ