ಪಾರ್ಸೆಲ್ಲಿನಿಂದ ತೆಗೆದ ಕೊನೆಯ ಕಂತು

ಹೊಲಿಗೆ ಅಂಗಡಿಯಿಂದ,
ಬುಧವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ನಮ್ಮ ಮನೆಯ ಸ್ಪ್ಯಾನರ್ ರಾಣಿಗೆ ಅತ್ತೆಯ ತುಂಬು ಪ್ರೀತಿ.

ನಾನು ಚೆನ್ನಾಗಿದ್ದೇನೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ಒಳ್ಳೆಯ ಕೆಲಸ ಮಾಡಿದ ದಿನ ಅವನು ನನ್ನ ಮಗ, ಉಳಿದ ದಿನ ನಿನ್ನ ಗಂಡ ಅನ್ನುವ ಕಾನೂನು ಇನ್ನೂ ಜಾರಿಯಲ್ಲಿದೆ. ಇವತ್ತು ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದು ಲಿಫ್ಟ್ ರಿಪೇರಿಗೆ ಹೋಗಿದ್ದಾನೆ, ಆದ್ದರಿಂದ ನಿನ್ನ ಗಂಡ. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿ ಹಾಕುವ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಬರೆಯಲು ಕೂತಿದ್ದೇನೆ. ಯಾರದೋ ಪ್ಯಾಂಟಿನ ಅಂಚು, ಇನ್ಯಾರದೋ ಅಂಗಿಯ ಗುಂಡಿ ಕಾಯುತ್ತಿವೆ. ಕಾಯಲಿ.

ಈ ಕಾಗದ ಸ್ವಲ್ಪ ಉದ್ದವಾಗುತ್ತದೆ. ನಾನು ನಿನಗೆ ಒಂದು ಸುಳ್ಳು ಹೇಳಿದ್ದೇನೆ, ಅದನ್ನು ಬಿಡಿಸಿ ಹೇಳದೆ ಊಟ ರುಚಿಸುತ್ತಿಲ್ಲ. ನೀನೇನೂ ಕಮ್ಮಿಯಿಲ್ಲ. ಎಂಟು ತಿಂಗಳಿಂದ ‘ಇಲ್ಲಿ ಕೆಲಸ ಕಡಿಮೆ, ಊಟ ಜಾಸ್ತಿ, ಚಳಿ ಅಷ್ಟೇನಿಲ್ಲ’ ಅಂತ ಅದೇ ಮೂರು ಮಾತು ಬರೆದು ಕಳಿಸುತ್ತಿದ್ದೀಯ. ಅದರ ಲೆಕ್ಕವನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಮೊದಲು ಮುಖ್ಯ ವಿಷಯ. ನಿನ್ನ ಮುಂದೆ ಒಂದು ಫಾರಂ ಇದೆಯಂತೆ. ಸೈನ್ಯದಲ್ಲಿ ಇನ್ನೂ ಮೂರು ವರ್ಷ ಇರುತ್ತೇನೆ ಅಂತ ಈ ತಿಂಗಳ ಕೊನೆಯೊಳಗೆ ಸಹಿ ಮಾಡಿದರೆ ವಾಹನ ರಿಪೇರಿ ವಿಭಾಗಕ್ಕೆ ನೀನೇ ಮುಖ್ಯಸ್ಥೆಯಂತೆ. ನೀನು ನನಗೆ ಇದರ ಸುಳಿವೇ ಕೊಡಲಿಲ್ಲ. ಹದಿನೈದು ದಿನಕ್ಕೊಮ್ಮೆ ನಿಮಗೆ ಸಿಗುವ ಮೂರು ನಿಮಿಷದ ಫೋನಿನಲ್ಲಿ ನೀವಿಬ್ಬರೂ ಗುಸುಗುಸು ಮಾತಾಡಿದ್ದೀರಿ, ಆಮೇಲೆ ಇವನು ಎರಡು ದಿನ ಅನ್ನದ ತಟ್ಟೆ ಮುಂದೆ ಮುಖ ಊದಿಸಿಕೊಂಡು ಕೂತ. ಮೂರನೇ ದಿನ ಸೌಟು ಹಿಡಿದು ಕೇಳಿದೆ, ಬಾಯಿಬಿಟ್ಟ. ನೀನು ಯಾಕೆ ಹಿಂಜರಿಯುತ್ತಿದ್ದೀಯ ಅನ್ನುವುದು ನನಗೆ ಗೊತ್ತು. ಹೊರಡುವ ದಿನ ಬಾಗಿಲಲ್ಲಿ ಅಡ್ಡ ನಿಂತು, ಇದೊಂದು ಸಲ ಮುಗಿಸಿ ಸೈನ್ಯ ಬಿಟ್ಟು ಬಂದುಬಿಡಬೇಕು ಅಂತ ನಿನ್ನಿಂದ ಮಾತು ತೆಗೆದುಕೊಂಡವಳು ನಾನೇ. ಬಸ್ಸು ಹೊರಡುತ್ತಿತ್ತು, ನೀನು ಆಯ್ತು ಅತ್ತೆ ಅಂದೆ. ಬಸ್ಸಿನ ಹೊತ್ತು ನೋಡಿಯೇ ನಾನು ಕೇಳಿದ್ದೆ ಅನ್ನುವುದನ್ನೂ ಈಗ ಒಪ್ಪಿಕೊಳ್ಳುತ್ತೇನೆ.

ಇನ್ನು ನನ್ನ ಸುಳ್ಳು. ನಿನಗೆ ಕಳಿಸುವ ಪಾರ್ಸೆಲ್ಲಿನಲ್ಲಿ ಡಬ್ಬಿಗಳು ಅಲ್ಲಾಡದಿರಲಿ ಅಂತ ಹಳೆಯ ವಾರಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕುತ್ತಿದ್ದೆನಲ್ಲ, ಅದೇ ಮೂಲ. ನಾನು ಕಾಲುಚೀಲ, ಬಿಸ್ಕತ್ತು, ಕಾಫಿ ಪುಡಿ, ತುಟಿಗೆ ಹಚ್ಚುವ ಮುಲಾಮು ಅಂತ ಆರಿಸಿ ಆರಿಸಿ ಇಟ್ಟರೆ, ನೀವು ಆ ಮುದ್ದೆ ಕಾಗದಗಳನ್ನು ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ಅಂಗೈಯಲ್ಲಿ ತೀಡಿ, ಸಾಲಾಗಿ ಕೂತು ಓದಿದಿರಂತೆ. ಅದರಲ್ಲೂ ಆ ಹಡಗಿನ ಡಾಕ್ಟರಮ್ಮನ ಧಾರಾವಾಹಿ! ಒಂದು ವಾರದ ಕಂತು ಬಿಸ್ಕತ್ತಿನ ಡಬ್ಬಿಯ ಸುತ್ತ, ಮುಂದಿನದು ಸೋಪಿನ ಕೆಳಗೆ. ನಿಮ್ಮ ದಳದವರೆಲ್ಲ ಸೋಪು ಬಿಟ್ಟು ಹಾಳೆಗೆ ಜಗಳವಾಡಿದರು ಅಂತ ನೀನು ಬರೆದಾಗ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಹಾಗೆ ನಗುನಗುತ್ತಾ ಓದುತ್ತಿದ್ದಾಗಲೇ ಮುಂದಿನ ಸಾಲು ಸಿಕ್ಕಿತು. ಹಡಗು ಕೂಗಿದೆ, ಡಾಕ್ಟರಮ್ಮ ಏಣಿಯ ಮೇಲೆ ನಿಂತಿದ್ದಾಳೆ, ಕೆಳಗೆ ಅವಳ ಅತ್ತೆ ಬ್ಯಾಗು ಹಿಡಿದುಕೊಂಡು ಬಿಡುತ್ತಿಲ್ಲ. ಅಲ್ಲಿಗೆ ಕಂತು ಮುಗಿಯಿತು. ಆ ಅತ್ತೆಯನ್ನು ಇಡೀ ದಳ ದಿನಾ ಬೈಯುತ್ತಿದೆ, ಕೊನೆಯ ಕಂತು ಬೇಗ ಕಳಿಸಿ ಅಂತ ನೀನು ಬರೆದಿದ್ದೆ.

ನನಗೆ ಪಿತ್ತ ನೆತ್ತಿಗೇರಿತು ಕಣೇ. ಬಂದೂಕು ಹಿಡಿದ ಅಷ್ಟೊಂದು ಜನ ಸೇರಿ ಒಬ್ಬ ಅತ್ತೆಯ ಮೇಲೆ ಬೀಳುವುದೇ? ಆ ಹೆಂಗಸಿಗೂ ಏನೋ ಸಂಕಟ ಇದ್ದಿರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲವೇ?

ಕೊನೆಯ ಕಂತು ರದ್ದಿಯವರ ಪಾಲಾಯಿತು ಅಂತ ನಿನಗೆ ಚೀಟಿ ಬರೆದೆನಲ್ಲ, ಅದೇ ಸುಳ್ಳು. ಅದು ನನ್ನ ಹತ್ತಿರವೇ ಇತ್ತು. ಡಾಕ್ಟರಮ್ಮ ಏಣಿ ಇಳಿದು ಬರುತ್ತಾಳೆ. ಅತ್ತೆಯ ಕೈಯಿಂದ ಬ್ಯಾಗು ತೆಗೆದುಕೊಂಡು, ಮನೆಗೆ ಹೋಗೋಣ ಅನ್ನುತ್ತಾಳೆ. ಹಡಗು ಹೋಗುತ್ತದೆ. ಮುಗಿಯಿತು. ಓದಿ ನಾನು ಭೇಷ್ ಅಂತ ಮೇಜು ತಟ್ಟಿದೆ. ನಾನು ಬಾಯಿ ಬಿಟ್ಟು ಹೇಳಲಾಗದ್ದನ್ನು ಪತ್ರಿಕೆಯವರೇ ಅಚ್ಚು ಹಾಕಿ ಹೇಳಿದ್ದಾರೆ, ನೀನು ಓದಿದರೆ ಸಾಕು, ಫಾರಂ ಮಡಚಿ ಇಡುತ್ತೀಯ ಅಂದುಕೊಂಡೆ. ಆ ಸಂಚಿಕೆಯನ್ನು ಮುದ್ದೆ ಕೂಡ ಮಾಡದೆ, ನೀಟಾಗಿ ಎಲ್ಲಕ್ಕಿಂತ ಮೇಲೆ ಇಟ್ಟು ಅಂಚೆ ಕಚೇರಿಗೆ ಹೋದೆ.

ಪಾರ್ಸೆಲ್ ಕೌಂಟರಿನಲ್ಲಿ ಕನ್ನಡಕವನ್ನು ಹಣೆಗೆ ಏರಿಸಿಕೊಂಡೇ ಕನ್ನಡಕ ಹುಡುಕುವವರು ಒಬ್ಬರಿದ್ದಾರಲ್ಲ, ಅವರು ತೂಗಿ ನೋಡಿ, ‘ನೂರು ಗ್ರಾಂ ಜಾಸ್ತಿ ಆಯ್ತಮ್ಮಾ, ಏನಾದ್ರೂ ಒಂದು ತೆಗೀರಿ’ ಅಂದರು. ಅಲ್ಲೇ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿದೆ. ಹೇಳಲು ನಾಚಿಕೆಯಾಗುತ್ತದೆ, ನಾನು ಮೊದಲು ತೆಗೆದದ್ದು ದಪ್ಪ ಉಣ್ಣೆಯ ಕಾಲುಚೀಲದ ಜೋಡಿ. ಪತ್ರಿಕೆ ಒಳಗೇ ಇರಲಿ ಅಂತ. ಹಿಮದಲ್ಲಿರುವ ನಿನ್ನ ಪಾದಕ್ಕಿಂತ ನನ್ನ ಹಟವೇ ಹೆಚ್ಚಾಯಿತು ನೋಡು.

ಅಷ್ಟರಲ್ಲಿ ಕೌಂಟರಿನವರ ಕಣ್ಣು ಪತ್ರಿಕೆಯ ಮೇಲೆ ಬಿತ್ತು. ಅವರೂ ಅದನ್ನು ಓದುತ್ತಿದ್ದವರೇ! ‘ಅಯ್ಯೋ, ಇದನ್ನ ಕಳಿಸ್ತೀರಾ? ಹತ್ತು ತಿಂಗಳು ಓದಿಸಿ ಕೊನೆಗೆ ಅವಳನ್ನ ಏಣಿಯಿಂದ ಇಳಿಸಿಬಿಟ್ರಲ್ಲಮ್ಮಾ’ ಅಂತ ಸ್ವಂತ ಮಗಳಿಗೆ ಅನ್ಯಾಯವಾದವರ ಹಾಗೆ ಮಾತಾಡಿದರು. ನಾನು ಬಿಡುತ್ತೇನೆಯೇ? ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅತ್ತೆಯ ಪರ ವಾದಕ್ಕೆ ನಿಂತೆ. ಸಾಲಿನಲ್ಲಿದ್ದವರೆಲ್ಲ ಸೈನ್ಯಕ್ಕೆ ಪಾರ್ಸೆಲ್ ಕಳಿಸಲು ಬಂದವರು, ಅರ್ಧ ಜನ ಧಾರಾವಾಹಿ ಓದಿದವರು. ಮೊಮ್ಮಗನಿಗೆ ಮಫ್ಲರ್ ತಂದಿದ್ದ ಅಜ್ಜ ನನ್ನ ಕಡೆ, ಉಳಿದವರು ಆ ಕಡೆ. ತೂಕದ ಯಂತ್ರದ ಮೇಲೆ ನಿನ್ನ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು, ಅದರ ಸುತ್ತ ಒಂದು ಸಭೆಯೇ ನಡೆಯಿತು. ನಿಜ ಹೇಳುತ್ತೇನೆ, ಬಹಳ ದಿನಗಳ ನಂತರ ಅಷ್ಟು ಮಜಾ ಬಂದಿತ್ತು.

ನನ್ನ ಹಿಂದೆ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ಮಗನ ಹೆಸರು ಬರೆದ ಸಣ್ಣ ಪೊಟ್ಟಣ. ಗಲಾಟೆ ಸ್ವಲ್ಪ ತಣ್ಣಗಾದಾಗ ಅವರು ಮೆಲ್ಲಗೆ ಕೇಳಿದರು: ‘ಡಾಕ್ಟ್ರು ಇಳಿದುಬಿಟ್ರೆ ಹಡಗಲ್ಲಿ ಹುಷಾರಿಲ್ಲದೆ ಮಲಗಿರೋರನ್ನ ಯಾರು ನೋಡ್ಕೋತಾರೆ?’

ನಾನು ಪತ್ರಿಕೆ ತೆಗೆದು ಚೀಲಕ್ಕೆ ಹಾಕಿಕೊಂಡೆ, ಕಾಲುಚೀಲವನ್ನು ಪೆಟ್ಟಿಗೆಗೆ ವಾಪಸ್ಸು ಇಟ್ಟೆ. ರದ್ದಿಯವರ ಮೇಲೆ ತಪ್ಪು ಹೊರಿಸಿದ ಆ ಚೀಟಿಯನ್ನು ಅಲ್ಲೇ ನಿಂತು, ಕೌಂಟರಿನವರ ಪೆನ್ನಿನಲ್ಲೇ ಬರೆದೆ. ತೂಕ ಸರಿಹೋಯಿತು.

ಆದರೂ ನಿನ್ನನ್ನು ಕೊಟ್ಟ ಮಾತಿನಿಂದ ಬಿಡಿಸಲು ನನಗೆ ಮನಸ್ಸು ಬಂದಿರಲಿಲ್ಲ. ಸುಮ್ಮನಿದ್ದರೆ ಫಾರಮಿನ ತಾರೀಕು ತಾನಾಗಿಯೇ ಕಳೆದುಹೋಗುತ್ತದೆ ಅಂತ ಒಳಗೊಳಗೇ ಆಸೆ ಪಡುತ್ತಿದ್ದೆ.

ಮೊನ್ನೆ ಸೋಮವಾರ ನಿಮ್ಮ ದಳದ ಅಡುಗೆಯವರಿಂದ ನನಗೊಂದು ಕಾಗದ ಬಂತು. ಬಿಸ್ಕತ್ತಿಗೆ, ಕಾಫಿ ಪುಡಿಗೆ ಧನ್ಯವಾದ ಹೇಳಲು ಬರೆದಿದ್ದರು. ಪಾಪ, ಒಳ್ಳೆಯ ಮನುಷ್ಯರು, ಬಾಯಿ ಮಾತ್ರ ಸ್ವಲ್ಪ ಸಡಿಲ. ರೇಡಿಯೋ ನೋಡಿಕೊಳ್ಳುವ ಹುಡುಗನಿಗೆ ಹೊಟ್ಟೆನೋವು ಬಂದು ಹೊರಳಾಡುತ್ತಿದ್ದಾಗ ಆಂಬುಲೆನ್ಸಿನ ಎಂಜಿನ್ ಚಳಿಗೆ ಸತ್ತು ಕೂತಿತ್ತಂತೆ. ನೀನು ನಾಲ್ಕು ಗಂಟೆ ಹಿಮದಲ್ಲಿ ಅಂಗಾತ ಮಲಗಿ, ಮರಗಟ್ಟಿದ ಸ್ಪ್ಯಾನರನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ, ಅದನ್ನು ಚಾಲೂ ಮಾಡಿದೆಯಂತೆ. ಹುಡುಗನಿಗೆ ಸಮಯಕ್ಕೆ ಸರಿಯಾಗಿ ಆಪರೇಷನ್ ಆಯಿತು, ಈಗ ವಾಪಸ್ಸು ಬಂದು ಎಲ್ಲರಿಗಿಂತ ಹೆಚ್ಚು ತಿನ್ನುತ್ತಾನೆ, ಅವನನ್ನು ತುಂಬಿಸುವುದೇ ಕಷ್ಟ ಅಂತ ಬರೆದಿದ್ದಾರೆ. ನಿಮ್ಮ ಮನೆಯವರಿಗೆ ಇದೆಲ್ಲ ಗೊತ್ತೇ ಇರುತ್ತದೆ ಅಂತ ಬೇರೆ ಸೇರಿಸಿದ್ದಾರೆ!

ಕೆಲಸ ಕಡಿಮೆ, ಚಳಿ ಅಷ್ಟೇನಿಲ್ಲ. ಅಲ್ಲವೇ? ಇರು, ಸಿಗು ನನ್ನ ಕೈಗೆ.

ಅದನ್ನು ಓದಿ ಮೊದಲು ಅಳು ಬಂತು. ಆಮೇಲೆ ಏನಾಯಿತೋ, ಬಾಗಿಲು ತೆರೆದು ಅಂಗಡಿ ಮುಂದೆ ಹೋಗುತ್ತಿದ್ದವರನ್ನೆಲ್ಲ ಕರೆದು ಕರೆದು ಓದಿ ಹೇಳಿದೆ. ಎದುರು ಮನೆಯ ಟೀಚರಿಗೆ ಎರಡು ಸಲ ಕೇಳಿಸಿದೆ. ಮೂರನೇ ಸಲ ಅವರೇ ಕಾಗದ ಕಿತ್ತುಕೊಂಡು, ನಾನೇ ಓದ್ತೀನಿ ಕೊಡಿ, ನೀವು ಅಳೋದ್ರಲ್ಲಿ ಅರ್ಧ ನುಂಗ್ತೀರಿ ಅಂದರು. ಇವಳು ನಮ್ಮ ಸೊಸೆ ಅಂತ ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ನೀನು ನನ್ನ ಹೊಲಿಗೆ ಯಂತ್ರವನ್ನು ಬಿಚ್ಚಿ ಹರಡಿದಾಗ ಊರಿಗೆಲ್ಲ ದೂರು ಹೇಳಿದವಳೂ ನಾನೇ. ಅದು ಆಮೇಲೆ ಮೊದಲಿಗಿಂತ ಚೆನ್ನಾಗಿ ಓಡಿತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅದನ್ನೂ ಹೇಳಿಬಿಟ್ಟೆ.

ಅಡುಗೆಯವರ ಕಾಗದದ ತುದಿಯಲ್ಲಿ ಇನ್ನೊಂದು ಸಾಲಿತ್ತು. ಕೊನೆಯ ಕಂತು ರದ್ದಿಗೆ ಹೋದ ಸುದ್ದಿ ಕೇಳಿ ದಳವೆಲ್ಲ ಮಂಕಾಗಿದೆ, ಊಟದ ಹೊತ್ತಿನಲ್ಲಿ ಒಬ್ಬೊಬ್ಬರೂ ಒಂದೊಂದು ಕೊನೆ ಕಟ್ಟಿ ಹೇಳುತ್ತಿದ್ದಾರೆ, ನಿಮ್ಮ ಸೊಸೆ ಮಾತ್ರ ಏನೂ ಹೇಳುವುದಿಲ್ಲ ಅಂತ.

ಅದಕ್ಕೇ ನಿನ್ನೆ ಮಧ್ಯಾಹ್ನ ಅಳತೆ ಬರೆಯುವ ಪುಸ್ತಕದಿಂದ ಹಾಳೆ ಹರಿದು ನಾನೇ ಕೊನೆಯ ಕಂತು ಬರೆದೆ. ಜೊತೆಗಿಟ್ಟಿದ್ದೇನೆ. ಹಿಂದುಗಡೆ ಯಾರದೋ ಎದೆ ಸುತ್ತಳತೆ ಇದೆ, ಅದು ಕಥೆಗೆ ಸೇರಿದ್ದಲ್ಲ. ನನ್ನ ಕಂತಿನಲ್ಲಿ ಅತ್ತೆ ಬ್ಯಾಗು ಹಿಡಿದದ್ದು ತಡೆಯುವುದಕ್ಕಲ್ಲ, ಅದನ್ನು ತುಂಬಿದ ರೀತಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಔಷಧಿ ಶೀಶೆಗಳು ಒಂದಕ್ಕೊಂದು ಬಡಿಯುತ್ತಿವೆ, ಬೆಚ್ಚನೆಯ ಬಟ್ಟೆ ಒಂದೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೊರಗೆ ಸುರಿದು ಹೊಸದಾಗಿ ಜೋಡಿಸುತ್ತಾಳೆ. ಹಡಗು ಕೂಗುತ್ತದೆ, ಕ್ಯಾಪ್ಟನ್ ಕೂಗುತ್ತಾನೆ, ಅವಳು ಯಾರಿಗೂ ಸೊಪ್ಪು ಹಾಕುವುದಿಲ್ಲ. ಹದಿನೇಳು ನಿಮಿಷ ಹಡಗನ್ನು ಕಾಯಿಸಿ, ಜಿಪ್ಪು ಎಳೆದು, ಬ್ಯಾಗನ್ನು ಸೊಸೆಯ ಹೆಗಲಿಗೆ ತಾನೇ ಹಾಕಿ, ಹೊರಡು ಅನ್ನುತ್ತಾಳೆ. ಅವಳು ಮನೆಗೆ ಹೋಗುತ್ತಾ ಅಳುತ್ತಾಳೆ, ಆದರೆ ಅದು ಯಾರಿಗೂ ಕಾಣಿಸುವುದಿಲ್ಲ. ಅಷ್ಟು ಬೇಕೇ ಬೇಕು ಅನ್ನಿಸಿತು, ಬರೆದೆ.

ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸು. ಇನ್ನು ಮೇಲೆ ಅಲ್ಲಿ ಯಾರೂ ಅತ್ತೆಯರನ್ನು ಬೈಯಕೂಡದು ಅಂತ ನನ್ನ ಹುಕುಂ.

ಮತ್ತೆ, ಆ ಫಾರಮಿಗೆ ಸಹಿ ಮಾಡು. ಬಾಗಿಲಲ್ಲಿ ನಾನು ತೆಗೆದುಕೊಂಡ ಮಾತನ್ನು ಈ ಕಾಗದದ ಮೂಲಕ ನಿನಗೆ ವಾಪಸ್ಸು ಕೊಟ್ಟಿದ್ದೇನೆ. ನೀನು ಮನೆಯಲ್ಲಿಲ್ಲದಿದ್ದರೆ ನನಗೆ ಬೇಜಾರಾಗುತ್ತದೆ, ತುಂಬಾ ಬೇಜಾರಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಮಾಡು. ಇನ್ನು ಮೇಲೆ ಚಳಿ ಇದ್ದರೆ ಚಳಿ ಇದೆ ಅಂತ ಬರೆ. ರಜಕ್ಕೆ ಬಂದಾಗ ಹೊಲಿಗೆ ಯಂತ್ರವನ್ನು ಇನ್ನೊಮ್ಮೆ ಬಿಚ್ಚು, ಪೆಡಲು ಮತ್ತೆ ಕಿರ್ರೆನ್ನುತ್ತಿದೆ. ಕಾಗದ ಹತ್ತು ದಿನಕ್ಕೆ ತಲುಪುತ್ತದೆ ಅಂತ ಕೌಂಟರಿನವರು ಅಂದಿದ್ದಾರೆ, ತಾರೀಕಿಗೆ ಮೊದಲೇ ನಿನ್ನ ಕೈಸೇರುತ್ತದೆ.

ಮೈ ಬೆಚ್ಚಗೆ ಇಟ್ಟುಕೋ.

ಇಡೀ ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿರುವ,
ನಿನ್ನ ಅತ್ತೆ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ನಿನ್ನ ಗಂಡ ಬಂದ. ನಾನು ಬೇಡವೆಂದರೂ ಹೆಗಲ ಮೇಲಿಂದ ಇಣುಕಿ ಕೊನೆಯ ಪುಟ ಓದಿ, ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತ. ಕಿವಿ ಹಿಂಡಿದ ಮೇಲೆ ಹೇಳಿದ, ನೀನು ಎರಡನೇ ತಾರೀಕಿನಂದೇ ಸಹಿ ಹಾಕಿ ಕೊಟ್ಟಾಯಿತಂತೆ! ನನಗೆ ಹೇಗೆ ಹೇಳುವುದು ಅಂತ ಇಬ್ಬರೂ ಒಂಬತ್ತು ದಿನದಿಂದ ಬೆವರುತ್ತಿದ್ದೀರಂತೆ. ಹಾಗಾದರೆ ಇಷ್ಟೊಂದು ಪುಟ ಅಪ್ಪಣೆ ಕೊಟ್ಟದ್ದು ಯಾರಿಗೆ? ಮುಚ್ಚಿಟ್ಟದ್ದಕ್ಕೆ ನೀನು ಬಂದ ಮೇಲೆ ನಿನಗೂ ಕಿವಿ ಹಿಂಡಿಸಿಕೊಳ್ಳುವುದಿದೆ. ಆದರೆ ಕೇಳೇ, ಈ ಮಾತು ನಿನ್ನ ಗಂಡನಿಗೂ ಗೊತ್ತಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೆ ಟೆಲಿಫೋನ್ ಆಪರೇಟರ್ ತರಬೇತಿಗೆ ಕರೆ ಬಂದಿತ್ತು. ನಮ್ಮತ್ತೆ ಹೂಂ ಅನ್ನಲಿ ಅಂತ ಕಾದೆ. ಕಾಯುತ್ತಾ ಕಾಯುತ್ತಾ ತರಬೇತಿಯವರು ಕೊಟ್ಟ ಗಡುವು ಮುಗಿದುಹೋಯಿತು. ನೀನು ನನಗಾಗಿ ಕಾಯಲಿಲ್ಲ. ಅದನ್ನು ಕೇಳಿದಾಗಿನಿಂದ ಒಬ್ಬಳೇ ನಗುತ್ತಿದ್ದೇನೆ, ನಿಲ್ಲಿಸಲಾಗುತ್ತಿಲ್ಲ.