ಕೂಸಿನ ಕೂದಲಿಗೆ ಸಾಂಬ್ರಾಣಿ

ಪೆನಾಂಗ್, ಬುಧವಾರ

ಮನೆಯೊಡತಿ ಖೂ ಅಕ್ಕನವರಿಗೆ, ಕೆಳಮನೆಯ ಬಾಡಿಗೆದಾರ ವೈರವನ್ ಮಾಡುವ ನಮಸ್ಕಾರ.

ವಿತ್ ಡ್ಯೂ ರೆಸ್ಪೆಕ್ಟ್, ನಿನ್ನೆಯದು ಬೆಂಕಿ ಅನಾಹುತವಲ್ಲ, ಸಾಂಬ್ರಾಣಿಯ ರಿಹರ್ಸಲ್. ಇದ್ದಿಲು ಪೂರ್ತಿ ಕೆಂಡವಾಗುವ ಮೊದಲೇ ಪುಡಿ ಸುರಿದುಬಿಟ್ಟೆ, ಮನೆಯೆಲ್ಲ ಹೊಗೆ. ಅದೆಲ್ಲ ನನ್ನ ಕಾಮಾಕ್ಷಿಯ ಡಿಪಾರ್ಟ್‌ಮೆಂಟು. ಅವಳು ಹೋದ ಮೇಲೆ ಆ ಧೂಪದ ಬಟ್ಟಲನ್ನು ಮುಟ್ಟಿದ್ದೇ ನಿನ್ನೆ. ನೀವು ನೀರಿನ ಬಕೆಟ್ ಹಿಡಿದು ಓಡಿಬಂದು, "ಏ ಮುದುಕಪ್ಪ, ನನ್ನ ಮನೆ ಸುಡ್ತೀಯಾ?" ಎಂದು ಕೂಗಿದಿರಿ. ಆಮೇಲೆ ಬಕೆಟ್ ಇಳಿಸಿ, "ನಿನ್ನ ಹೆಂಡ್ತಿ ಇದ್ದಾಗ ಶುಕ್ರವಾರ ಬರ್ತಿದ್ದ ವಾಸ್ನೆ ಇದೇ ಅಲ್ವಾ?" ಎಂದಿರಲ್ಲ, ಅದರಿಂದಲೇ ಈ ಪತ್ರಕ್ಕೆ ಧೈರ್ಯ ಬಂತು.

ಗ್ರೇಟ್ ನ್ಯೂಸ್! ಶುಕ್ರವಾರ ಮಗಳು ಹಸುಗೂಸನ್ನೆತ್ತಿಕೊಂಡು ಗಂಡನ ಮನೆಯಿಂದ ಬರುತ್ತಾಳೆ! ಹೆಣ್ಣು ಕೂಸು, ತಲೆತುಂಬ ಕೂದಲು! ಎಣ್ಣೆನೀರು ಹಾಕಿ ಆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯದಿದ್ದರೆ ನಮ್ಮವರಲ್ಲಿ ಮಗು ಮನೆಗೆ ಬಂದಂತೆಯೇ ಅಲ್ಲ. ಬಟ್ಟಲನ್ನು ನಾನು ಹಿಡಿಯುತ್ತೇನೆ. ಆದರೆ ಕೂಸಿನ ತಲೆ ಹಿಡಿಯಲು ಅಜ್ಜಿಯ ಕೈ ಬೇಕು. ನನ್ನ ಮಗಳು ಕೂಸಾಗಿದ್ದಾಗ ಕಾಮಾಕ್ಷಿ ಅವಳ ತಲೆ ಹಿಡಿದದ್ದನ್ನು ಕಿಟಕಿಯಲ್ಲಿ ನಿಂತು ನೋಡಿದವರು ನೀವೊಬ್ಬರೇ.

ದಯಮಾಡಿ ಸಂಜೆ ಬನ್ನಿ. ಈ ಸಲ ಕೆಂಡದ ಮೇಲೆ ಬೂದಿ ಕಟ್ಟುವವರೆಗೆ ಕಾಯುತ್ತೇನೆ. ಬಕೆಟ್ ಮಹಡಿಯ ಮೇಲೆ ನಿಮ್ಮ ಮನೆಯಲ್ಲೇ ಇರಲಿ; ನಿಮಗೆ ಎರಡೂ ಕೈ ಬೇಕಾಗುತ್ತವೆ.

ಯುವರ್ಸ್ ಒಬೀಡಿಯಂಟ್‌ಲಿ,
ವೈರವನ್