ತಗ್ಗು ಕುರ್ಚಿ

ಅಣ್ಣನಿಗೆ,

ನೀನು ಹುಡುಕಿ ಹುಡುಕಿ ತಂದ ಆ ಹಳೇ ಡಿಸೈನರ್ ಕುರ್ಚಿ ಅಮ್ಮನಿಗೆ ಒಗ್ಗಿದೆ. ಅದರ ತೇಗದ ಮರಕ್ಕೆ ಎಣ್ಣೆ ಸವರುತ್ತಲೇ ಇದ್ದೇನೆ, ಆ ಚಿಂತೆ ಬೇಡ.

"ಸೀಟು ತೀರಾ ತಗ್ಗು, ಹಿಂದಕ್ಕೆ ಬೇರೆ ವಾಲಿದೆ. ಅಮ್ಮಂಗೆ ಏಳೋಕಾಗಲ್ಲ, ಎತ್ತರದ್ದು ಕಳಿಸ್ತೀನಿ" ಎಂದು ಫೋನಿನಲ್ಲಿ ಹೇಳಿದೆಯಲ್ಲ, ದಯವಿಟ್ಟು ಕಳಿಸಬೇಡ. ಮರೆವು ಹೆಚ್ಚಾದ ಮೇಲೆ ಅಮ್ಮ ಬಾಗಿಲು ತೆಗೆದುಕೊಂಡು ಎರಡು ಸಲ ದೊಡ್ಡ ರಸ್ತೆಗೆ ಹೋಗಿಬಿಟ್ಟಿದ್ದಳು. ಇದರಲ್ಲಿ ಕೂರಿಸತೊಡಗಿದ ಮೇಲೆ ಎಲ್ಲೂ ಹೋಗಿಲ್ಲ. ನಾನೂ ನಿಶ್ಚಿಂತೆಯಿಂದ ಹೊಲಿಗೆಗೆ ಕೂರುತ್ತೇನೆ.

ನೋಡಿದವರೆಲ್ಲ ಕುರ್ಚಿಯನ್ನು ಹೊಗಳುತ್ತಾರೆ. ನಿನಗೆ ಖುಷಿಯಾಗಲೆಂದು ಬರೆದೆ.

ನಿನ್ನೆ ಅಮ್ಮ ನನ್ನತ್ತ ಕೈ ಚಾಚಿ, "ಸ್ವಲ್ಪ ಹಿಡ್ಕೋಮ್ಮ, ಏಳ್ತೀನಿ" ಎಂದಳು. ಆ ಕೈಗೆ ಒಂದು ಬಿಸ್ಕತ್ತು ಕೊಟ್ಟು, ಮಷಿನ್ ತುಳಿಯುತ್ತ ಕೂತೆ.

ನಿನ್ನ ತಂಗಿ